ವೈದ್ಯರ ಸಮಯಕ್ಕೆ ಕೊಡುವ ದುಡ್ಡು

ಕ್ರೆಡಿಟ್ ಕಾರ್ಡ್ ಬಿಲ್ ತಡವಾಗಿ ಕಟ್ಟಿದ್ದಕ್ಕೆ ದಂಡ, ಅದರ ಮೇಲೆ ಬಡ್ಡಿ. ಗಡುವು ಮೀರಿ ಸಲ್ಲಿಸಿದ ಆದಾಯ ತೆರಿಗೆ ರಿಟರ್ನ್ಸ್‌ಗೆ 5,000 ರೂಪಾಯಿ. ಲ್ಯಾಪ್ಸ್ ಆದ ವಿಮಾ ಪಾಲಿಸಿಯನ್ನು ಮತ್ತೆ ಚಾಲ್ತಿಗೆ ತರಲು ಇನ್ನಷ್ಟು. ಒಮ್ಮೆಯೂ ತೆರೆಯದ ಆ್ಯಪ್‌ಗಳ ಚಂದಾ ಬೇರೆ. ನಾಲ್ಕು ವರ್ಷದ ಹಿಂದೆ ಬ್ಯಾಂಕ್ ಸ್ಟೇಟ್‌ಮೆಂಟ್ ಮುಂದಿಟ್ಟುಕೊಂಡು ಇಂಥವನ್ನೆಲ್ಲ ಕೂಡಿಸಿದೆ. ಒಂದೇ ಆರ್ಥಿಕ ವರ್ಷಕ್ಕೆ ಮೊತ್ತ 18 ಸಾವಿರ ದಾಟಿತ್ತು. ಖಾತೆಯಲ್ಲಿ ಹಣವಿಲ್ಲದೆ ಬಿದ್ದ ದಂಡ ಇದರಲ್ಲಿ ಒಂದೂ ಇರಲಿಲ್ಲ. ಹಣ ಇತ್ತು, ಬಿಲ್ಲೂ ಕೈಯಲ್ಲಿತ್ತು. ಕಟ್ಟುವ ದಿನ ಮಾತ್ರ ತಲೆಯಲ್ಲಿ ನಿಲ್ಲುತ್ತಿರಲಿಲ್ಲ.

ಇದರ ಹಿಂದಿದ್ದದ್ದು ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಚಡಪಡಿಕೆಯ ಸಮಸ್ಯೆ. ಆ ಹೆಸರು ಕೇಳಿದಕೂಡಲೇ ಕುಳಿತಲ್ಲಿ ಕೂರದ ಶಾಲಾ ಹುಡುಗನೇ ಎಲ್ಲರ ನೆನಪಿಗೆ ಬರುವುದು. ಈ ಸಮಸ್ಯೆ ಅನೇಕರಲ್ಲಿ ದೊಡ್ಡವರಾದ ಮೇಲೂ ಉಳಿಯುತ್ತದೆ. ಹೆಣ್ಣುಮಕ್ಕಳಲ್ಲಿ ಗಲಾಟೆಗಿಂತ ಗಮನ ಜಾರುವುದೇ ಹೆಚ್ಚಾಗಿ ಕಾಣುವುದರಿಂದ ಮನೆಯಲ್ಲೂ ಶಾಲೆಯಲ್ಲೂ ಯಾರಿಗೂ ಸುಳಿವು ಸಿಗದೆ ನಲವತ್ತು ದಾಟಿಬಿಡುತ್ತದೆ. ನನ್ನದು ಹಾಗೇ ಆಯಿತು. ಪರೀಕ್ಷೆ, ಪತ್ತೆ, ಮಾತ್ರೆ ಎಂದು ಈ ದಾರಿಯಲ್ಲಿ ನಡೆದುಬಂದವಳಾಗಿ ಓದುಗರಿಗೆ ಹೇಳಬೇಕಾದ್ದು ಒಂದೇ ಮಾತು. ಇಲ್ಲಿ ದುಡ್ಡು ಕೊಡಬೇಕಾದ್ದು ವೈದ್ಯರ ಸಮಯಕ್ಕೆ. ಉಳಿದದ್ದೆಲ್ಲ ಆಮೇಲೆ.

ಮಾತಿನಲ್ಲೇ ಪತ್ತೆ

ಎಡಿಎಚ್‌ಡಿ ಇದೆಯೋ ಇಲ್ಲವೋ ಎಂದು ಹೇಳುವ ರಕ್ತಪರೀಕ್ಷೆ ಇಲ್ಲ, ಸ್ಕ್ಯಾನ್ ಕೂಡ ಇಲ್ಲ. ಮನೋವೈದ್ಯರು ಬಳಸುವ, 2013ರಲ್ಲಿ ಪ್ರಕಟವಾದ ಡಿಎಸ್‌ಎಂ–5 ಮಾನದಂಡದಲ್ಲಿ ಗಮನಕ್ಕೆ ಸಂಬಂಧಿಸಿದ ಒಂಬತ್ತು ಲಕ್ಷಣಗಳಿವೆ, ಚಡಪಡಿಕೆ ಮತ್ತು ದುಡುಕಿಗೆ ಸಂಬಂಧಿಸಿದ ಒಂಬತ್ತು ಇವೆ. 17 ತುಂಬಿದವರಲ್ಲಿ ಒಂದು ಗುಂಪಿನ ಐದಾದರೂ ಇರಬೇಕು. ಕೆಲವು ಲಕ್ಷಣಗಳು 12 ವರ್ಷಕ್ಕೆ ಮೊದಲೇ ಕಾಣಿಸಿಕೊಂಡಿರಬೇಕು. ಮನೆಯಲ್ಲೂ ಕೆಲಸದಲ್ಲೂ, ಹೀಗೆ ಒಂದಕ್ಕಿಂತ ಹೆಚ್ಚು ಕಡೆ ತೊಂದರೆ ಕೊಡುತ್ತಿರಬೇಕು. ಇಷ್ಟನ್ನು ತಿಳಿಯಲು ವೈದ್ಯರು ಕೂತು ಕೇಳಬೇಕು, ನಾವು ಕೂತು ಹೇಳಬೇಕು. ಬೇರೆ ಅಡ್ಡದಾರಿ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಜೊತೆಗೂಡಿ ತಜ್ಞರು ರೂಪಿಸಿದ ಎಎಸ್‌ಆರ್‌ಎಸ್ ಪ್ರಶ್ನಾವಳಿ ಉಚಿತವಾಗಿ ಸಿಗುತ್ತದೆ. ಅದರ ಮೊದಲ ಆರು ಪ್ರಶ್ನೆಗಳಿಗೆ ಉತ್ತರಿಸಿದರೆ ವೈದ್ಯರಲ್ಲಿ ಹೋಗಬೇಕೋ ಬೇಡವೋ ಎಂಬ ಸೂಚನೆ ಸಿಗುತ್ತದೆ. ಅದು ಸೂಚನೆಯಷ್ಟೇ, ತೀರ್ಮಾನವಲ್ಲ. ಆ ಸೂಚನೆಗಾಗಿ ಯಾವ ಆನ್‌ಲೈನ್ ಟೆಸ್ಟಿಗೂ ಹಣ ಕಟ್ಟಬೇಡಿ.

ನಾನು ಮೊದಲು ವಿಚಾರಿಸಿದ ಖಾಸಗಿ ಕ್ಲಿನಿಕ್ಕಿನಲ್ಲಿ ವೈದ್ಯರ ಮುಖ ನೋಡುವ ಮುಂಚೆಯೇ 12 ಸಾವಿರ ರೂಪಾಯಿಯ ಪರೀಕ್ಷಾ ಪ್ಯಾಕೇಜ್ ಮುಂದಿಟ್ಟರು. ಕಂಪ್ಯೂಟರ್ ಮುಂದೆ ಮಾಡುವ ಗಮನದ ಪರೀಕ್ಷೆ, ಬುದ್ಧಿಮತ್ತೆಯ ಪರೀಕ್ಷೆ, ಕೊನೆಗೊಂದು ವರದಿ. ಇಂಥ ಪರೀಕ್ಷೆಗಳು ಕೆಲವರಿಗೆ ಬೇಕಾಗುತ್ತವೆ. ಯಾರಿಗೆ ಬೇಕು ಎಂಬುದನ್ನು ವೈದ್ಯರು ನೋಡಿದ ಮೇಲೆ ಹೇಳಬೇಕೇ ಹೊರತು ಕೌಂಟರಿನಲ್ಲಿ ಕೂತವರಲ್ಲ. ಅಲ್ಲಿಂದ ಎದ್ದು ಬಂದೆ. ಆಮೇಲೆ ಸಿಕ್ಕ ಮನೋವೈದ್ಯೆ ಮೊದಲ ಭೇಟಿಗೆ 1,500 ರೂಪಾಯಿ ತೆಗೆದುಕೊಂಡು ಒಂದು ಗಂಟೆ ಮಾತಾಡಿಸಿದರು. ಮುಂದಿನ ಸಲ ಬರುವಾಗ ಚಿಕ್ಕಂದಿನಿಂದ ನನ್ನನ್ನು ಬಲ್ಲ ಒಬ್ಬರನ್ನು ಕರೆತರಲು ಹೇಳಿದರು.

ಅಮ್ಮ ಹಾಸನದಿಂದ ಶಕ್ತಿ ಯೋಜನೆಯ ಶೂನ್ಯ ಟಿಕೆಟಿನಲ್ಲಿ ಬಂದರು. ಕೈಚೀಲದಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ನನ್ನ ನಾಲ್ಕನೇ ತರಗತಿಯ ಪ್ರೋಗ್ರೆಸ್ ಕಾರ್ಡ್. ಮಡಿಕೆಯಲ್ಲಿ ಹರಿದಿದ್ದ ಆ ಹಳದಿ ರಟ್ಟಿನ ಮೇಲೆ ಮೇಷ್ಟ್ರು ನೀಲಿ ಇಂಕಿನಲ್ಲಿ ಬರೆದಿದ್ದರು, ‘ಜಾಣೆ. ಪಾಠದ ಕಡೆ ಗಮನ ಸಾಲದು.’ ವೈದ್ಯೆ ಅದನ್ನು ಓದಿ ಅಮ್ಮನ ಕಡೆ ತಿರುಗಿದರು.

‘ಬುದ್ಧಿಗೇನ್ ಕಮ್ಮಿ ಇರ್ಲಿಲ್ಲ ಡಾಕ್ಟ್ರೇ. ಉಪ್ಪು ತಾ ಅಂತ ಅಂಗಡಿಗೆ ಕಳ್ಸಿದ್ರೆ ದಾರೀಲಿ ಏನೋ ನೋಡ್ಕೊಂಡು ನಿಂತ್ಬಿಡೋಳು. ಕೊನೆಗೆ ನಾನೇ ಹೋಗಿ ಉಪ್ಪೂ ತರ್ಬೇಕು, ಇವಳ್ನೂ ಕರ್ಕೊಂಡ್ ಬರ್ಬೇಕು.’

ಯಾವ ಪ್ಯಾಕೇಜಿನಲ್ಲೂ ಸಿಗದ ಮಾಹಿತಿ ಅದು. ಹಳೆಯ ಅಂಕಪಟ್ಟಿ ಇದ್ದರೆ ಹುಡುಕಿಡಿ. ಅಪ್ಪ, ಅಮ್ಮ, ಅಕ್ಕ, ಯಾರಾದರೊಬ್ಬರು ಜೊತೆಗೆ ಬರಲಾಗದಿದ್ದರೆ ಫೋನಿನಲ್ಲಾದರೂ ಸಿಗುವಂತೆ ನೋಡಿಕೊಳ್ಳಿ.

ನನಗೆ ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ಪರೀಕ್ಷೆ ಮಾಡಿಸಿದರು. ನಿದ್ದೆ, ಗೊರಕೆ, ಆತಂಕ, ಖಿನ್ನತೆ ಇವನ್ನೂ ವಿವರವಾಗಿ ಕೇಳಿದರು. ಇವುಗಳಲ್ಲಿ ಯಾವುದರಿಂದಲೂ ಗಮನ ಕೆಡಬಹುದು. ವಿಚಾರಣೆ ಮುಗಿದ ಮೇಲೆ ನಿಮಗೆ ‘ಇದು ಎಡಿಎಚ್‌ಡಿ ಅಲ್ಲ, ಥೈರಾಯ್ಡ್’ ಎಂಬ ಉತ್ತರ ಬಂದರೂ ಫೀ ದಂಡವಾಗುವುದಿಲ್ಲ. ಸರಿಯಾದ ಚಿಕಿತ್ಸೆಗೆ ದಾರಿ ಸಿಗುತ್ತದಲ್ಲ.

ಎಲ್ಲಿಗೆ ಹೋಗಬೇಕು?

ಔಷಧಿ ಬರೆಯುವ ಅಧಿಕಾರ ಮನೋವೈದ್ಯರಿಗಿದೆ, ಮನಶ್ಶಾಸ್ತ್ರಜ್ಞರಿಗಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಪರೀಕ್ಷೆ ಮಾಡಬಹುದು, ಥೆರಪಿ ಕೊಡಬಹುದು. ಅವರ ಹತ್ತಿರ ಹೋಗುವ ಮುನ್ನ ಆರ್‌ಸಿಐ, ಅಂದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿ. ಕೇಳಿದರೆ ಯಾರೂ ಬೇಸರಪಡಬೇಕಾಗಿಲ್ಲ.

ಖಾಸಗಿ ಫೀ ಕೈಗೆಟುಕದವರಿಗೆ ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಹೊರರೋಗಿ ಶುಲ್ಕ ಖಾಸಗಿಗೆ ಹೋಲಿಸಿದರೆ ತೀರಾ ಕಡಿಮೆ, ಬಿಪಿಎಲ್ ಕಾರ್ಡಿನವರಿಗೆ ರಿಯಾಯಿತಿಯೂ ಇದೆ. ಅಲ್ಲಿ ನಿಜವಾದ ಖರ್ಚು ಕಾಯುವ ಹೊತ್ತಿನದು. ಒಂದು ದಿನದ ಕೂಲಿ ಅಥವಾ ರಜೆಯನ್ನು ಲೆಕ್ಕಕ್ಕೆ ಹಿಡಿದೇ ಹೋಗಿ. ಊರುಗಳಲ್ಲಿರುವವರಿಗೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗವಿದೆ. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೂ ಮನೋವೈದ್ಯರು ಬರುತ್ತಾರೆ. ಎಲ್ಲಿಗೆ ಹೋಗಬೇಕೆಂದೇ ತಿಳಿಯದಿದ್ದರೆ ಟೆಲಿ–ಮಾನಸ್‌ನ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್‌ನಿಂದ ನಡೆಯುತ್ತಿರುವ ಈ ಸರ್ಕಾರಿ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡಬಹುದು, ಕಾಸು ಕೊಡಬೇಕಾಗಿಲ್ಲ.

ವಿಡಿಯೊ ಕರೆಯ ಸಮಾಲೋಚನೆಗೆ ಹಣ ಕಟ್ಟುವ ಮುನ್ನ ಒಂದು ವಿಷಯ ತಿಳಿದಿರಲಿ. 2020ರ ಟೆಲಿಮೆಡಿಸಿನ್ ಮಾರ್ಗಸೂಚಿ ಪ್ರಕಾರ ಶೆಡ್ಯೂಲ್ ಎಕ್ಸ್ ಪಟ್ಟಿಯ ಔಷಧಿಗಳನ್ನು ಫೋನು, ವಿಡಿಯೊ ಮೂಲಕ ಬರೆದುಕೊಡುವಂತಿಲ್ಲ. ಎಡಿಎಚ್‌ಡಿಗೆ ಸಾಮಾನ್ಯವಾಗಿ ಕೊಡುವ ಮೀಥೈಲ್‌ಫೆನಿಡೇಟ್ ಆ ಪಟ್ಟಿಯಲ್ಲೇ ಇದೆ. ಆನ್‌ಲೈನ್ ಫೀ ತೆತ್ತ ಮೇಲೆ ‘ಇದಕ್ಕೆ ನೇರವಾಗಿ ಬರಬೇಕು’ ಅನ್ನಿಸಿಕೊಂಡರೆ ಇನ್ನೊಂದು ಫೀ ತಪ್ಪಿದ್ದಲ್ಲ.

ಮಾತ್ರೆಯ ಲೆಕ್ಕ

ನಮ್ಮಲ್ಲಿ ಮುಖ್ಯವಾಗಿ ಬಳಕೆಯಲ್ಲಿರುವುದು ಎರಡು ಔಷಧಿ. ಮೀಥೈಲ್‌ಫೆನಿಡೇಟ್ ನುಂಗಿದ ದಿನವೇ ಕೆಲಸ ಮಾಡುತ್ತದೆ. ಆಟೊಮೊಕ್ಸೆಟಿನ್‌ನ ಪೂರ್ತಿ ಗುಣ ಕಾಣಲು ಕೆಲವು ವಾರ ಹಿಡಿಯುತ್ತದೆ. ಯಾವುದು ಯಾರಿಗೆ ಎಂಬುದನ್ನು ವೈದ್ಯರೇ ತೀರ್ಮಾನಿಸಬೇಕು. ನನಗೆ ಮಾತ್ರೆ ಬರೆಯುವ ಮುನ್ನ ರಕ್ತದೊತ್ತಡ, ನಾಡಿಬಡಿತ ನೋಡಿ ಮನೆತನದಲ್ಲಿ ಹೃದ್ರೋಗ ಇದೆಯೇ ಎಂದು ಕೇಳಿದರು. ಕಡಿಮೆ ಪ್ರಮಾಣದಿಂದ ಶುರುಮಾಡಿ ನಿಧಾನಕ್ಕೆ ಏರಿಸಿದರು. ಅಮೆರಿಕದಿಂದ ವಾಪಸಾಗುವ ಕನ್ನಡಿಗರು ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಅಲ್ಲಿ ಬಳಸುವ ಆ್ಯಡರಾಲ್ ಇಲ್ಲಿನ ಔಷಧಿ ಅಂಗಡಿಗಳಲ್ಲಿ ಸಿಗುವುದಿಲ್ಲ. ಊರಿಗೆ ಬರುವ ಮೊದಲೇ ಬದಲಿ ಔಷಧಿಯ ಬಗ್ಗೆ ವೈದ್ಯರಲ್ಲಿ ಮಾತಾಡಿಕೊಳ್ಳಿ.

ಮೀಥೈಲ್‌ಫೆನಿಡೇಟ್ ಮಾರಲು ಅಂಗಡಿಗೆ ಪ್ರತ್ಯೇಕ ಲೈಸೆನ್ಸ್ ಬೇಕು. ಮನೆ ಹತ್ತಿರದ ಮೆಡಿಕಲ್ ಶಾಪಿನಲ್ಲಿ ‘ಅದು ನಾವಿಡಲ್ಲ ಮೇಡಂ’ ಅಂದರು. ಕೊನೆಗೆ ಸಿಕ್ಕಿದ್ದು ದೊಡ್ಡ ಆಸ್ಪತ್ರೆಯೊಂದರ ಪಕ್ಕದ ಅಂಗಡಿಯಲ್ಲಿ. ಅಲ್ಲಿನವರು ಚೀಟಿಯ ಎರಡೂ ಪ್ರತಿ ಕೇಳಿ ಪಡೆದು, ಬೀಗ ಹಾಕಿದ್ದ ಕಪಾಟು ತೆಗೆದು, ಸ್ಟ್ರಿಪ್ಪಿನ ಬ್ಯಾಚ್ ನಂಬರನ್ನು ರಿಜಿಸ್ಟರಿನಲ್ಲಿ ಬರೆದುಕೊಂಡರು. ಒಂದು ಪ್ರತಿಯನ್ನು ಅವರು ಎರಡು ವರ್ಷ ಇಟ್ಟುಕೊಳ್ಳಬೇಕು ಎನ್ನುತ್ತದೆ ಕಾನೂನು. ಹಾಗಾಗಿ ಚೀಟಿ ಎರಡು ಪ್ರತಿಯಲ್ಲಿದೆಯೇ ಎಂದು ಕ್ಲಿನಿಕ್ಕಿನಲ್ಲೇ ನೋಡಿಕೊಳ್ಳಿ, ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದೂ ಅಲ್ಲೇ ಕೇಳಿ. ಮಾತ್ರೆ ಮುಗಿಯುವ ಒಂದು ವಾರ ಮೊದಲೇ ಹೊರಟರೆ ಆಟೋ ಖರ್ಚೂ ಉಳಿಯುತ್ತದೆ, ಔಷಧಿಯೂ ನಡುವೆ ತಪ್ಪುವುದಿಲ್ಲ.

ನನ್ನ ಮಾತ್ರೆಗೆ ತಿಂಗಳಿಗೆ ಸಾವಿರ ರೂಪಾಯಿಯ ಆಸುಪಾಸು ಆಗುತ್ತದೆ. ಫೀ, ರಕ್ತಪರೀಕ್ಷೆ, ಓಡಾಟ ಎಲ್ಲ ಸೇರಿ ಮೊದಲ ವರ್ಷದ ಖರ್ಚು 25 ಸಾವಿರದೊಳಗೆ ಮುಗಿಯಿತು. ಪತ್ತೆಗೆ ಒಮ್ಮೆ ಕೊಟ್ಟರೆ ಮುಗಿಯುವ ಖರ್ಚಲ್ಲ ಇದು. ಕರೆಂಟ್ ಬಿಲ್ಲು, ಹಾಲಿನ ಲೆಕ್ಕದ ಸಾಲಿನಲ್ಲೇ ಇದಕ್ಕೂ ತಿಂಗಳ ಬಜೆಟ್ಟಿನಲ್ಲಿ ಜಾಗ ಕೊಡಿ.

ವಿಮೆ ಕೈಹಿಡಿಯುತ್ತದೆಯೇ?

ಮಾನಸಿಕ ಅನಾರೋಗ್ಯಕ್ಕೂ ದೈಹಿಕ ಕಾಯಿಲೆಯಂತೆಯೇ ವಿಮೆ ಒದಗಿಸಬೇಕು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ. ಆದರೆ ಬಹುಪಾಲು ಪಾಲಿಸಿಗಳು ಹಣ ಕೊಡುವುದು ಆಸ್ಪತ್ರೆಗೆ ದಾಖಲಾದಾಗ. ಎಡಿಎಚ್‌ಡಿ ಚಿಕಿತ್ಸೆ ನಡೆಯುವುದು ಹೊರರೋಗಿ ವಿಭಾಗದಲ್ಲಿ. ಒಪಿಡಿ ಸೌಲಭ್ಯ ಪ್ರತ್ಯೇಕವಾಗಿ ಇಲ್ಲದಿದ್ದರೆ ಜೇಬಿನಿಂದಲೇ ಹೋಗುತ್ತದೆ. ಕಂಪನಿ ಕೊಟ್ಟ ಗುಂಪು ವಿಮೆಯಲ್ಲಿ ಒಪಿಡಿ ಮಿತಿ ಇದೆಯೇ, ಉಚಿತ ಕೌನ್ಸೆಲಿಂಗ್ ಇದೆಯೇ ಎಂದು ಎಚ್‌ಆರ್ ಬಳಿ ವಿಚಾರಿಸಿ. ಕಾರಣ ಹೇಳಲೇಬೇಕೆಂದಿಲ್ಲ, ಸೌಲಭ್ಯದ ಪಟ್ಟಿ ಕೇಳಿದರೆ ಸಾಕು.

ಹೊಸ ಪಾಲಿಸಿ ಮಾಡಿಸುವಾಗ ಪತ್ತೆಯಾದ ವಿಷಯವನ್ನು ಅರ್ಜಿಯಲ್ಲಿ ಬರೆಯಲೇಬೇಕು. ಬಚ್ಚಿಟ್ಟರೆ ನಾಳೆ ಬೇರಾವುದೋ ಕಾಯಿಲೆಯ ಕ್ಲೇಮಿಗೂ ತಕರಾರು ಬರಬಹುದು. ಮೊದಲೇ ಇರುವ ಕಾಯಿಲೆಗೆ ವಿಮಾ ಕಂಪನಿ ಕಾಯಿಸಬಹುದಾದ ಅವಧಿಯನ್ನು 2024ರಲ್ಲಿ ಗರಿಷ್ಠ ಮೂರು ವರ್ಷಕ್ಕೆ ಇಳಿಸಿದ್ದಾರೆ. ನಿಜ ಹೇಳಿ ಕಾಯುವುದೇ ಲಾಭ.

ಮಾತ್ರೆ ಬಿಲ್ ಕಟ್ಟುವುದಿಲ್ಲ

ಚಿಕಿತ್ಸೆ ಶುರುವಾದ ಮೇಲೆ ಕೂತ ಕೆಲಸ ಮುಗಿಸಿ ಏಳುವುದು ಸಾಧ್ಯವಾಯಿತು. ಆದರೆ ಬಿಲ್ಲಿನ ತಾರೀಕು ತಾನಾಗಿ ನೆನಪಾಗಲಿಲ್ಲ. ಅದಕ್ಕೆ ವ್ಯವಸ್ಥೆಯನ್ನೇ ಬದಲಿಸಿದೆ. ಸಂಬಳ ಬಂದ ಮರುದಿನವೇ ವಿಮೆ, ಎಸ್‌ಐಪಿ, ಬಾಡಿಗೆ ಹೋಗುವಂತೆ ಮಾಡಿದೆ. ಕ್ರೆಡಿಟ್ ಕಾರ್ಡಿಗೆ ಆಟೋ ಡೆಬಿಟ್ ಹಾಕಿದೆ, ‘ಕನಿಷ್ಠ ಮೊತ್ತ’ಕ್ಕಲ್ಲ, ಪೂರ್ತಿ ಮೊತ್ತಕ್ಕೆ. ಗಡುವು ಮುಗಿದು ಮೂರು ದಿನ ದಾಟಿದ ಮೇಲಷ್ಟೇ ತಡಪಾವತಿ ಶುಲ್ಕ ಹಾಕಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮವೂ ಮರೆತ ಹೊತ್ತಿನಲ್ಲಿ ಆಸರೆ. ಈ ಬದಲಾವಣೆಗೆ ವೈದ್ಯರ ಚೀಟಿ ಬೇಕಾಗಿಲ್ಲ, ಇವತ್ತೇ ಮಾಡಬಹುದು.

ದಂಡ ಕಟ್ಟಿದವರಿಗೆಲ್ಲ ಎಡಿಎಚ್‌ಡಿ ಇರುವುದಿಲ್ಲ. ಆದರೆ ಬಾಲ್ಯದಿಂದಲೂ ಹೀಗೇ ಇದೆ, ಕೆಲಸ ಸಂಸಾರ ಎರಡೂ ಕಡೆ ಪೆಟ್ಟು ಬೀಳುತ್ತಿದೆ ಅನ್ನಿಸಿದರೆ ‘ಸೋಮಾರಿ’ ಎಂಬ ಬಿರುದು ಹೊತ್ತು ಕೂರಬೇಡಿ. ಮೊದಲ ಭೇಟಿಯ ದುಡ್ಡನ್ನು ಈ ತಿಂಗಳೇ ತೆಗೆದಿಡಿ. ಖಾಸಗಿಯಲ್ಲಿ ತೋರಿಸುವುದಾದರೆ ಕ್ಲಿನಿಕ್ಕಿಗೆ ಫೋನ್ ಮಾಡಿ ಫೀ ಎಷ್ಟು ಎಂದು ಕೇಳಿದ ಮೇಲೆ, ಮೊದಲ ಭೇಟಿಗೆ ಡಾಕ್ಟರು ಎಷ್ಟು ಹೊತ್ತು ಕೊಡುತ್ತಾರೆ ಎಂದೂ ಕೇಳಿ. ‘ಹತ್ತು ನಿಮಿಷ’ ಎಂಬ ಉತ್ತರ ಬಂದರೆ ಇನ್ನೊಬ್ಬ ವೈದ್ಯರ ನಂಬರಿಗೆ ಫೋನ್ ಮಾಡಿ.