ಸಾಬೂನು ಮತ್ತು ಡಿಟರ್ಜೆಂಟ್: ಗಡಸು ನೀರಿನಲ್ಲಿ ಇವುಗಳ ವರ್ತನೆ



ಕೊಳವೆಬಾವಿಯ ನೀರಿನಲ್ಲಿ ಸಾಬೂನು ಎಷ್ಟು ಉಜ್ಜಿದರೂ ನೊರೆ ಬರುವುದಿಲ್ಲ, ಬಟ್ಟೆಯ ಮೇಲೆ ಬಿಳಿ ಜಿಡ್ಡು ನಿಲ್ಲುತ್ತದೆ ಎಂಬ ದೂರು ಹಲವು ಗ್ರಾಮಗಳಲ್ಲಿ ಕೇಳಿಬರುತ್ತದೆ. ಇದು ಸಾಬೂನಿನ ದೋಷವಲ್ಲ, ನೀರಿನ ಗುಣ.

ಎಣ್ಣೆ ಅಥವಾ ಕೊಬ್ಬನ್ನು ಕಾಸ್ಟಿಕ್ ಸೋಡಾದೊಂದಿಗೆ ಕಾಯಿಸಿದಾಗ ಸಾಬೂನು ಮತ್ತು ಗ್ಲಿಸರಿನ್ ಉಂಟಾಗುತ್ತವೆ. ಸಾಬೂನಿನ ಅಣುವಿನ ಒಂದು ತುದಿ ನೀರಿನೊಂದಿಗೆ ಬೆರೆಯುತ್ತದೆ. ಉದ್ದನೆಯ ಬಾಲವು ಜಿಡ್ಡಿಗೆ ಅಂಟುತ್ತದೆ. ಇಂತಹ ಅನೇಕ ಅಣುಗಳು ಕೊಳೆಯನ್ನು ಸುತ್ತುವರಿದು ಬಟ್ಟೆಯಿಂದ ಬಿಡಿಸುತ್ತವೆ. ಡಿಟರ್ಜೆಂಟ್ ಸಹ ಇದೇ ರೀತಿ ಕೊಳೆ ತೆಗೆಯುತ್ತದೆ. ಆದರೆ ಅದನ್ನು ಹೆಚ್ಚಾಗಿ ಪೆಟ್ರೋಲಿಯಂ ಮೂಲದ ವಸ್ತುಗಳಿಂದ ತಯಾರಿಸಲಾಗುತ್ತದೆ.

ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳಿರುತ್ತವೆ. ಇವು ಸಾಬೂನಿನೊಂದಿಗೆ ಸೇರಿ ನೀರಿನಲ್ಲಿ ಕರಗದ ಗಸಿಯಾಗುತ್ತವೆ. ಈ ಲವಣಗಳೆಲ್ಲ ಗಸಿಯಾಗಿ ಮುಗಿಯುವವರೆಗೂ ನೊರೆ ಬಾರದು, ಅಷ್ಟು ಸಾಬೂನು ವ್ಯರ್ಥ. ಡಿಟರ್ಜೆಂಟ್ ಹಾಗೆ ಸುಲಭವಾಗಿ ಗಸಿಯಾಗದ ಕಾರಣ ಗಡಸು ನೀರಿನಲ್ಲಿಯೂ ಕೆಲಸ ಮಾಡುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕ 10500ರ ಪ್ರಕಾರ ಒಟ್ಟು ಗಡಸುತನವು ಲೀಟರಿಗೆ 200 ಮಿಲಿಗ್ರಾಂ ಮೀರಬಾರದು. ಬೇರೆ ಜಲಮೂಲ ಇಲ್ಲದಿದ್ದಲ್ಲಿ 600 ಮಿಲಿಗ್ರಾಂವರೆಗೆ ಅವಕಾಶವಿದೆ.

ಡಿಟರ್ಜೆಂಟಿನ ಈ ಅನುಕೂಲದೊಂದಿಗೆ ಒಂದು ಹೊಣೆಯೂ ಇದೆ. 1950ರ ದಶಕದಲ್ಲಿ ಬಳಕೆಯಲ್ಲಿದ್ದ ಕವಲು ಬಾಲದ ಡಿಟರ್ಜೆಂಟುಗಳನ್ನು ಸೂಕ್ಷ್ಮಜೀವಿಗಳು ಸುಲಭವಾಗಿ ಕೊಳೆಯಿಸಲಾರದೆ ಯುರೋಪ್ ಹಾಗೂ ಅಮೆರಿಕದ ನದಿಗಳಲ್ಲಿ ನೊರೆ ಗುಡ್ಡೆಯಾಯಿತು. ಅನಂತರ ನೇರ ಬಾಲದವು ಬಂದವು. ಇವು ಕೊಳೆಯುತ್ತವೆಯಾದರೂ ಅದಕ್ಕೆ ನೀರಿನಲ್ಲಿ ಆಮ್ಲಜನಕ ಬೇಕು. ಪುಡಿಯಲ್ಲಿ ಫಾಸ್ಫೇಟ್ ಇದ್ದರೆ ಅದು ಪಾಚಿಗೆ ಗೊಬ್ಬರವಾಗುತ್ತದೆ. ಪಾಚಿ ಸತ್ತು ಕೊಳೆಯುವಾಗ ಆಮ್ಲಜನಕ ಮತ್ತಷ್ಟು ಕುಗ್ಗಿ ಮೀನುಗಳು ಸಾಯುತ್ತವೆ. ಆದುದರಿಂದ ಒಗೆದ ನೀರು ಕೆರೆಗೆ ನೇರವಾಗಿ ಸೇರುವುದು ಅಪಾಯಕರ.

ಈ ಹಿನ್ನೆಲೆಯಲ್ಲಿ ಸದಸ್ಯರು ಗಮನಿಸಬೇಕಾದ ಅಂಶಗಳು:

1. ಪ್ರತಿ ಜಲಮೂಲದ ಗಡಸುತನವನ್ನು ಪರೀಕ್ಷಿಸಿ, ಫಲಿತಾಂಶವನ್ನು ಗ್ರಾಮಸಭೆಯಲ್ಲಿ ತಿಳಿಸುವುದು.
2. ಮಳೆನೀರು ಮೆದು ನೀರಾದುದರಿಂದ ಅದನ್ನು ಸಂಗ್ರಹಿಸಿ ಬಟ್ಟೆ ಒಗೆಯಲು ಬಳಸುವಂತೆ ಪ್ರೋತ್ಸಾಹಿಸುವುದು. ಇದರಿಂದ ಸಾಬೂನು ಮಿತವಾಗಿ ಸಾಕಾಗುತ್ತದೆ.
3. ಒಗೆಯುವ ಕಟ್ಟೆಯನ್ನು ಕೆರೆಯ ಅಂಚಿನಲ್ಲಿ ನಿರ್ಮಿಸದೆ, ಅದರ ನೀರನ್ನು ಇಂಗುಗುಂಡಿಗೆ ಹರಿಸುವುದು. ಗುಂಡಿಯು ಕುಡಿಯುವ ನೀರಿನ ಬಾವಿ ಹಾಗೂ ಕೊಳವೆಬಾವಿಗಳಿಂದ ದೂರವಿರಬೇಕು.
4. ಹೆಚ್ಚು ನೊರೆ ಬಂದರೆ ಬಟ್ಟೆ ಹೆಚ್ಚು ಶುಭ್ರವಾಗುತ್ತದೆ ಎಂಬ ತಪ್ಪು ತಿಳಿವಳಿಕೆಯನ್ನು ನಿವಾರಿಸುವುದು.

ಮನೆಯಲ್ಲಿ ಯಾವುದನ್ನು ಬಳಸಬೇಕೆಂಬುದು ಕುಟುಂಬದ ಆಯ್ಕೆ. ಒಗೆದ ನೀರು ಎಲ್ಲಿ ಸೇರಬೇಕೆಂಬುದು ಪಂಚಾಯಿತಿಯ ಹೊಣೆ.