ಕಡಲೆ ಗಿಡದಲ್ಲಿ ಎಣಿಸಬೇಕಾದ್ದು ಕಾಯಿ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಎರೆ ಹೊಲಗಳಲ್ಲಿ ಹಿಂಗಾರಿ ಕಡಲೆಯಿಂದ ಬೀಜಕ್ಕೆ ಗಿಡ ಆರಿಸುವಾಗ ಎತ್ತರಕ್ಕೂ ಕಾಳಿನ ದಪ್ಪಕ್ಕೂ ಮನಸೋಲುವುದು ಸಹಜ. ಇಳುವರಿಯ ಲೆಕ್ಕವೇ ಬೇರೆ. ಸಾಲಿನ ನಡುವೆ 30, ಗಿಡದ ನಡುವೆ 10 ಸೆಂ.ಮೀ. ಬಿಟ್ಟರೆ ಚದರ ಮೀಟರಿಗೆ 33 ಗಿಡ. ಗಿಡಕ್ಕೆ 30 ಕಾಯಿ, ಕಾಯಿಗೆ ಸರಾಸರಿ 1.1 ಕಾಳು, ನೂರು ಕಾಳಿಗೆ 20 ಗ್ರಾಂ ಎಂದಿಟ್ಟುಕೊಳ್ಳಿ: ಗಿಡಕ್ಕೆ 6.6 ಗ್ರಾಂ, ಎಕರೆಗೆ ಒಂಬತ್ತು ಕ್ವಿಂಟಲಿನ ಆಸುಪಾಸು. ಕಾಯಿಯೊಳಗಿನ ಕಾಳು ಸಾಮಾನ್ಯವಾಗಿ ಒಂದೆರಡನ್ನು ಮೀರದು, ಕಾಳಿನ ತೂಕ ಬಹುಪಾಲು ತಳಿಯಿಂದಲೇ ಬಂದದ್ದು. ಬಹಳ ಏರಿಳಿಯುವುದು ಕಾಯಿಯ ಸಂಖ್ಯೆ. ಕಡಲೆಯ ತಳಿ ಅಧ್ಯಯನಗಳಲ್ಲಿ ಕಾಯಿ ಸಂಖ್ಯೆ, ಗಿಡದ ಒಟ್ಟು ಒಣತೂಕ, ಅದರಲ್ಲಿ ಕಾಳಿನ ಪಾಲು ಇವು ಇಳುವರಿಯೊಂದಿಗೆ ಮತ್ತೆ ಮತ್ತೆ ಗಟ್ಟಿ ನಂಟು ತೋರಿವೆ. ಕವಲು ಹೆಚ್ಚಿದ್ದರೆ ಒಳ್ಳೆಯದೇ, ಆದರೆ ಆ ಕವಲು ಕಾಯಿ ಕಟ್ಟಿದ್ದರೆ ಮಾತ್ರ.

ಮೊದಲು, ಕಾಯಿ ಹಳದಿಗೆ ತಿರುಗಿದಾಗ ಹೊಲಕ್ಕಿಳಿಯಿರಿ. ಬದುವಿನ ಸಾಲು, ಪಕ್ಕದ ಗಿಡ ಸತ್ತು ಜಾಗ ಖಾಲಿಯಾದೆಡೆ ಬೇಡ. ಅಲ್ಲಿ ಕಾಯಿ ಹೆಚ್ಚಿದ್ದರೆ ಅದು ಬಿಡುವಿನ ಫಲ, ಗಿಡದ ಗುಣವಲ್ಲ. ಎರಡೂ ಪಕ್ಕದಲ್ಲಿ ನೆರೆಯಿರುವ ಗಿಡಗಳನ್ನೇ ಗುರುತು ಮಾಡಿ. ಕಾಯಿಯನ್ನು ಬೆರಳಲ್ಲಿ ಒತ್ತಿ ನೋಡಿ, ಜೊಳ್ಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಗಿಡ ಕಿತ್ತ ಮೇಲೆ ಕಾಂಡದ ಬುಡ ಸೀಳಿ. ಒಳಗೆ ಕಪ್ಪು-ಕಂದು ಗೆರೆ ಕಂಡರೆ ಸೊರಗು ರೋಗದ ಅನುಮಾನ, ಅದನ್ನು ಬಿಡಿ. ಉಳಿದವನ್ನು ಒಣಗಿಸಿ ಇಡೀ ಗಿಡ ತೂಗಿ, ಆಮೇಲೆ ಕಾಳು ತೂಗಿ. 14 ಗ್ರಾಂ ಗಿಡದಲ್ಲಿ 7 ಗ್ರಾಂ ಕಾಳಿದ್ದರೆ ಅರ್ಧ ಪಾಲು ಬಂತು. ಒಂದೊಂದು ಗಿಡದ ಕಾಳನ್ನೂ ಬೇರೆ ಬೇರೆ ಚೀಟಿ ಹಾಕಿ ಕಟ್ಟಿಡಿ.

ದಪ್ಪ ಕಾಳಿಗಲ್ಲವೇ ಮಾರುಕಟ್ಟೆಯಲ್ಲಿ ಬೆಲೆ ಎನ್ನಬಹುದು. ಸರಿಯೇ, ಆದರೆ ಕಾಳು ದಪ್ಪವಾದಂತೆ ಕಾಯಿ ಕಡಿಮೆಯಾಗುವುದು ಸಾಮಾನ್ಯ. ಹಾಗಾಗಿ ಬೇಕಾದ ಕನಿಷ್ಠ ಗಾತ್ರವೊಂದನ್ನು ಗೊತ್ತುಮಾಡಿಕೊಂಡು, ಅದನ್ನು ಮುಟ್ಟಿದ ಗಿಡಗಳಲ್ಲಿ ಕಾಯಿ ನೋಡಿ. ಕಾಳಿನ ತೂಕವನ್ನು ಒಂದೇ ಗಿಡದಲ್ಲಿ ನಂಬಬಹುದು. ಕಾಯಿ ಸಂಖ್ಯೆ ತೇವ, ಗೊಬ್ಬರಕ್ಕೆ ತಕ್ಕಂತೆ ಓಲಾಡುತ್ತದೆ. ಅದಕ್ಕೇ ಮುಂದಿನ ಹಿಂಗಾರಿನಲ್ಲಿ ಗಿಡಕ್ಕೊಂದು ಸಾಲು ಬಿತ್ತಿ, ನಡುನಡುವೆ ಹೋಲಿಕೆಗೆ ಜೆಜಿ-11 ತಳಿ ಹಾಕಿ, ಸಾಲುಗಳನ್ನೇ ತೂಗಬೇಕು. ಎತ್ತರಕ್ಕೆ ಬೆಲೆಯೇ ಇಲ್ಲವೆಂದಲ್ಲ: ಯಂತ್ರದಿಂದ ಕಟಾವು ಮಾಡುವುದಾದರೆ ಕೆಳಗಿನ ಕಾಯಿ ನೆಲದಿಂದ ಮೇಲಿರಬೇಕು. ಜಿಬಿಎಂ-2, ಎನ್‌ಬಿಇಜಿ-47 ತಳಿಗಳು ಬಂದದ್ದು ಅದಕ್ಕೇ.

ಇನ್ನೊಂದು ಆಕ್ಷೇಪ ಗಟ್ಟಿಯಾದುದು. ಕಡಲೆ ಸ್ವಪರಾಗಸ್ಪರ್ಶದ ಬೆಳೆ. ಶುದ್ಧ ಜೆಜಿ-11 ಹೊಲದಲ್ಲಿ ಎಲ್ಲ ಗಿಡಗಳ ಗುಣವೂ ಹೆಚ್ಚುಕಡಿಮೆ ಒಂದೇ. ಶುದ್ಧ ತಳಿಯೊಳಗೆ ಆಯ್ದು ಲಾಭವಿಲ್ಲವೆಂದು ಡೆನ್ಮಾರ್ಕಿನ ಸಸ್ಯವಿಜ್ಞಾನಿ ಯೊಹಾನ್ಸನ್ 1903ರಲ್ಲೇ ಹುರುಳಿಕಾಯಿ ಬೀಜಗಳಲ್ಲಿ ತೋರಿಸಿದ್ದ. ಆದ್ದರಿಂದ ಗಿಡ ಆರಿಸುವ ಶ್ರಮ ಫಲಿಸುವುದು ಬೆರಕೆಯಾದ ನಾಟಿ ಕಡಲೆಯಲ್ಲಿ, ಇಲ್ಲವೇ ಹಿರಿಯೂರಿನ ಬಬ್ಬೂರು ಫಾರಂನಂಥ ಸಂಶೋಧನಾ ಕೇಂದ್ರಗಳು ಸಂಕರದಿಂದ ಪಡೆಯುವ ಸಂತತಿಯಲ್ಲಿ. ಶುದ್ಧ ತಳಿ ಬೆಳೆಯುವವರು ಇದೇ ಎಣಿಕೆಯನ್ನು ತಳಿ ಹೋಲಿಸಲು ಬಳಸಿ: ಅಣ್ಣಿಗೇರಿ-1, ಜೆಜಿ-11, ಸೊರಗು ರೋಗ ತಡೆಯುವ, 2019ರಲ್ಲಿ ಬಿಡುಗಡೆಯಾದ ಸೂಪರ್ ಅಣ್ಣಿಗೇರಿ-1, ಒಂದೇ ಹೊಲದಲ್ಲಿ ಪಕ್ಕಪಕ್ಕ. ಹೂ ಬಿಟ್ಟ ದಿನವನ್ನೂ ಬರೆದಿಡಿ. ನೆಲದ ತೇವವನ್ನೇ ನಂಬಿದ ಬೆಳೆಯಲ್ಲಿ ಬೇಗ ಹೂ ಬಿಟ್ಟದ್ದು ಕೊನೆಯ ಬರದಿಂದ ಪಾರಾಗುತ್ತದೆ, ತೇವ ಉಳಿದ ವರ್ಷ ತಡವಾದದ್ದೂ ಮುಂದೆ ಹೋಗಬಹುದು. ಕನಿಷ್ಠ ಎರಡು ಹಿಂಗಾರಿನ ತೂಕ ಕೈಗೆ ಬರುವವರೆಗೆ ಹೊಸದನ್ನು ಇಡೀ ಹೊಲಕ್ಕೆ ಬಿತ್ತಬೇಡಿ.