ಕಲ್ಲಿನ ವಿದ್ಯಾಲಯ

ಸಂಡೂರು ತಾಲ್ಲೂಕಿನ ಕುರೆಕುಪ್ಪಕ್ಕೆ ಸಮೀಪದ ತೋರಣಗಲ್ಲಿನಲ್ಲಿ 1971ರಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಉಕ್ಕಿನ ಕಾರ್ಖಾನೆಯೊಂದಕ್ಕೆ ಅಡಿಗಲ್ಲನ್ನಿಟ್ಟರು. ಉಕ್ಕು, ವಿದ್ಯುತ್ತು, ಯಂತ್ರ ಮುಂತಾದ ಮೂಲ ಉದ್ಯಮಗಳು ರಾಷ್ಟ್ರದ ಒಡೆತನದಲ್ಲಿರಬೇಕೆಂಬುದು ಅಂದಿನ ಸಮಾಜವಾದಿ ಧೋರಣೆಯಾಗಿತ್ತು. ಆದರೆ ಕಾರ್ಖಾನೆಗಳನ್ನು ಕಟ್ಟಿದರೆ ಸಾಲದು. ಅವುಗಳನ್ನು ದಕ್ಷತೆಯಿಂದ ನಡೆಸಬಲ್ಲವರೂ ಬೇಕು. ಸಾರ್ವಜನಿಕ ಉದ್ಯಮಗಳ ಈ ಕೊರತೆಯನ್ನು ನೀಗಿಸುವ ಉದ್ದೇಶದಿಂದಲೇ 1973ರಲ್ಲಿ ಬೆಂಗಳೂರಿನಲ್ಲಿ, ಐ.ಐ.ಎಂ. ಎಂದು ಹೆಸರಾದ ಆಡಳಿತ ನಿರ್ವಹಣಾ ಶಿಕ್ಷಣ ಸಂಸ್ಥೆ ಜನ್ಮ ತಾಳಿತು.

ಮೊದಲ ವರ್ಷಗಳಲ್ಲಿ ಸಂಸ್ಥೆಯು ಬಾಡಿಗೆಯ ಕಟ್ಟಡದಲ್ಲಿ ನಡೆಯಿತು. ಬಳಿಕ ಬನ್ನೇರುಘಟ್ಟ ರಸ್ತೆಯಲ್ಲಿ ಸುಮಾರು 100 ಎಕರೆ ನೆಲ ದೊರೆಯಿತು. ಅಲ್ಲಿ ವಿದ್ಯಾಲಯವನ್ನು ರೂಪಿಸುವ ಹೊಣೆ ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿಯವರದಾಯಿತು. 1927ರಲ್ಲಿ ಪುಣೆಯಲ್ಲಿ ಜನಿಸಿದ ದೋಶಿಯವರು ಪ್ಯಾರಿಸ್ಸಿನಲ್ಲಿ ಲ ಕಾರ್ಬೂಸಿಯೆಯವರ ಬಳಿ ಕೆಲಸ ಕಲಿತವರು. ಅಹಮದಾಬಾದಿನ ಇಂಥದೇ ಸಂಸ್ಥೆಯ ನಿರ್ಮಾಣದಲ್ಲಿ ಲೂಯಿ ಕಾನ್ ಅವರೊಡನೆ ದುಡಿದವರು. ಅಹಮದಾಬಾದಿನದು ಇಟ್ಟಿಗೆಯ ಕಟ್ಟಡ. ಬೆಂಗಳೂರಿಗೆ ಅವರು ಆರಿಸಿಕೊಂಡದ್ದು ಈ ನಾಡಿನ ಒರಟು ಬೂದುಗಲ್ಲನ್ನು.

ಅಕ್ಬರನ ಫತೇಪುರ ಸಿಕ್ರಿಯ ಅಂಗಳಗಳು ಅವರಿಗೆ ಸ್ಫೂರ್ತಿ ನೀಡಿದವು. ಇಲ್ಲಿ ಕಟ್ಟಡವೆಂದರೆ ಒಂದೇ ದೊಡ್ಡ ಸೌಧವಲ್ಲ. ಅಂಗಳಗಳ ಸುತ್ತ ಹೆಣೆದ ಚಿಕ್ಕದೊಂದು ಊರು. ತರಗತಿಗಳನ್ನು ಜೋಡಿಸುವ ಉದ್ದನೆಯ ಮೊಗಸಾಲೆಗಳೇ ಇದರ ಜೀವಾಳ. ಅವುಗಳಲ್ಲಿ ಕೆಲವಕ್ಕೆ ಪೂರ್ಣ ಚಾವಣಿಯಿದೆ. ಕೆಲವಕ್ಕೆ ತೊಲೆಗಳ ಚಪ್ಪರ ಮಾತ್ರ. ಕೆಲವು ಆಕಾಶಕ್ಕೇ ತೆರೆದಿವೆ. ತೊಲೆಗಳ ನಡುವಿನಿಂದ ಇಳಿಯುವ ಬಿಸಿಲು ಹೊತ್ತು ಕಳೆದಂತೆ ನೆಲದ ಮೇಲೆ ಹೊಸ ಹೊಸ ಚಿತ್ರಗಳನ್ನು ಬರೆಯುತ್ತದೆ. ಬಳ್ಳಿಗಳು ಕಲ್ಲಿನ ಕಾಠಿಣ್ಯವನ್ನು ಮರೆಸುತ್ತವೆ. ನಡೆದಾಟಕ್ಕೆ ಬೇಕಾದುದಕ್ಕಿಂತ ಈ ಮೊಗಸಾಲೆಗಳು ಅಗಲವಾಗಿವೆ. ಪಾಠ ಮುಗಿದ ಮೇಲೂ ಗುರುಶಿಷ್ಯರು ನಿಂತು ಮಾತನಾಡಲಿ, ಕಲಿಕೆ ನಾಲ್ಕು ಗೋಡೆಗಳ ಹೊರಗೂ ಮುಂದುವರಿಯಲಿ ಎಂಬುದೇ ಇದರ ಆಶಯ.

ಕಾಲ ಬದಲಾಯಿತು. ತೋರಣಗಲ್ಲಿನಲ್ಲಿ ಸರ್ಕಾರಿ ಕಾರ್ಖಾನೆ ಮೇಲೇಳಲಿಲ್ಲ. 1991ರ ಹೊಸ ಆರ್ಥಿಕ ನೀತಿಯ ನಂತರ ಖಾಸಗಿ ಸಂಸ್ಥೆಯೊಂದು ಅಲ್ಲಿ ಉಕ್ಕಿನ ಕುಲುಮೆಗಳನ್ನು ಉರಿಸಿತು. ಸಾರ್ವಜನಿಕ ಉದ್ಯಮಗಳಿಗೆಂದು ಹುಟ್ಟಿದ ವಿದ್ಯಾಲಯವೂ ಖಾಸಗಿ ಉದ್ಯಮಗಳಿಗೆ ನಿರ್ವಾಹಕರನ್ನು ಒದಗಿಸತೊಡಗಿತು. ಆದರೂ ಆ ಅಂಗಳ, ಆ ಮೊಗಸಾಲೆಗಳು ನಿರುಪಯುಕ್ತವಾಗಲಿಲ್ಲ. 2018ರಲ್ಲಿ ದೋಶಿಯವರು ವಾಸ್ತುಶಿಲ್ಪದ ಅತ್ಯುನ್ನತ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿಯನ್ನು ಪಡೆದ ಮೊದಲ ಭಾರತೀಯರಾದರು, 2023ರಲ್ಲಿ ನಿಧನರಾದರು.

ನೀತಿಗಳು ಕಾಲಕ್ಕೆ ತಕ್ಕಂತೆ ಮಾರ್ಪಡುತ್ತವೆ. ಕಲಿಯುವವನಿಗೆ ಬೇಕಾದ ಬೆಳಕು, ನೆರಳು, ಒಡನಾಟಗಳು ಮಾತ್ರ ಮಾರ್ಪಡುವುದಿಲ್ಲ. ಅವುಗಳನ್ನು ಅರಿತು ಕಟ್ಟಿದ ವಿದ್ಯಾಲಯವು, ತನ್ನನ್ನು ಕಟ್ಟಿಸಿದ ಉದ್ದೇಶವು ಮರೆಯಾದ ಮೇಲೂ ಬಾಳುತ್ತದೆ.